ಇಂಗ್ಲಿಷ್ ಪ್ರಶ್ನೋತ್ತರ: ಅಲ್ಪವಿರಾಮ ಎಲ್ಲಿ, ಏಕೆ?

ಈ ಬಾರಿ ಕೋಲಾರ ಜಿಲ್ಲೆಯಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಅಲ್ಪವಿರಾಮಕ್ಕೇ ಸಂಬಂಧಿಸಿದ್ದವು. ಆದ್ದರಿಂದ ಉಳಿದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡಿದ್ದೇನೆ.

ಪ್ರಶ್ನೆ: ಕಿರುಪರೀಕ್ಷೆ ತಪ್ಪಿದ್ದಕ್ಕೆ ಕಾರಣ ತಿಳಿಸುವ ಪತ್ರದಲ್ಲಿ ‘ದಿ ಟ್ರೈನ್ ವಾಸ್ ಲೇಟ್, ಐ ಮಿಸ್ಡ್ ದಿ ಟೆಸ್ಟ್’ ಎಂದು ಬರೆದಿದ್ದೆ. ನಮ್ಮ ಮೇಡಂ ಅಲ್ಪವಿರಾಮಕ್ಕೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿದ್ದಾರೆ. ಓದುವಾಗ ಎಲ್ಲಿ ಉಸಿರು ತೆಗೆದುಕೊಳ್ಳುತ್ತೇವೆಯೋ ಅಲ್ಲಿ ಅಲ್ಪವಿರಾಮ ಎಂದು ಶಾಲೆಯಲ್ಲಿ ಕಲಿತಿದ್ದೆ. ತಪ್ಪೇನು?
– ಬಿ.ಕಾಂ. ವಿದ್ಯಾರ್ಥಿನಿ, ಬಂಗಾರಪೇಟೆ

ಉತ್ತರ: ಉಸಿರಿನ ನಿಯಮವು ಕನ್ನಡದಲ್ಲಿ ಬಹುಮಟ್ಟಿಗೆ ನಡೆಯುತ್ತದೆ, ಇಂಗ್ಲಿಷ್‌ನಲ್ಲಿ ಅದನ್ನೇ ನಂಬಿದರೆ ಕೈಕೊಡುತ್ತದೆ. ಅಲ್ಲಿ ನೋಡಬೇಕಾದುದು ಕ್ರಿಯಾಪದವನ್ನು. ನಿಮ್ಮ ಬರಹದಲ್ಲಿ ‘ವಾಸ್’ ಒಂದು ಪೂರ್ಣ ಕ್ರಿಯಾಪದ, ‘ಮಿಸ್ಡ್’ ಇನ್ನೊಂದು. ಎರಡಕ್ಕೂ ತಮ್ಮ ತಮ್ಮ ಕರ್ತೃಪದಗಳಿವೆ. ಅಂದರೆ ಅಲ್ಲಿರುವುದು ಎರಡು ವಾಕ್ಯ. ಎರಡು ಪೂರ್ಣ ವಾಕ್ಯಗಳನ್ನು ಬರಿಯ ಅಲ್ಪವಿರಾಮದಿಂದ ಬೆಸೆಯುವ ಈ ತಪ್ಪನ್ನು ‘ಕಾಮಾ ಸ್ಪ್ಲೈಸ್’ ಎಂದು ಕರೆಯುತ್ತಾರೆ.

ನಮ್ಮವರು ಇದನ್ನು ಇಷ್ಟು ಸಲೀಸಾಗಿ ಮಾಡುವುದಕ್ಕೆ ಕಾರಣ ನಮ್ಮ ವಾಕ್ಯದ ನಡೆಯಲ್ಲೇ ಇದೆ ಎಂಬುದು ನನ್ನ ಅನಿಸಿಕೆ. ‘ಬೆಳಿಗ್ಗೆ ಎದ್ದು, ಹಾಲು ಕರೆದು, ಡೈರಿಗೆ ಹಾಕಿ, ರೈಲು ಹಿಡಿದು ಕಾಲೇಜಿಗೆ ಬಂದೆ’ ಎಂಬಲ್ಲಿ ಎದ್ದು, ಕರೆದು, ಹಾಕಿ, ಹಿಡಿದು ಎಂಬ ಕೃದಂತಾವ್ಯಯಗಳೆಲ್ಲವೂ ಕೊನೆಯ ‘ಬಂದೆ’ಗಾಗಿ ಕಾದು ನಿಂತಿರುತ್ತವೆ, ಪೂರ್ಣ ಕ್ರಿಯಾಪದ ಅದೊಂದೇ ಆದ್ದರಿಂದ ನಡುವೆ ಎಷ್ಟು ಅಲ್ಪವಿರಾಮ ಬಿದ್ದರೂ ವಾಕ್ಯ ಒಡೆಯುವುದಿಲ್ಲ. ಇದನ್ನು ಇಂಗ್ಲಿಷಿಗೆ ತರುವಾಗ ‘ಐ ಗಾಟ್ ಅಪ್, ಐ ಮಿಲ್ಕ್ಡ್ ದಿ ಕೌ, ಐ ಕಾಟ್ ದಿ ಟ್ರೈನ್’ ಎಂದು ಪ್ರತಿಯೊಂದನ್ನೂ ಪೂರ್ಣ ಕ್ರಿಯಾಪದವಾಗಿಸಿ, ಅಲ್ಪವಿರಾಮಗಳನ್ನು ಮಾತ್ರ ಹಳೆಯ ಜಾಗದಲ್ಲೇ ಬಿಟ್ಟುಬಿಡುತ್ತೇವೆ. ಮನೆಯಲ್ಲಿ ತೆಲುಗು ಆಡುವ ಮುಳಬಾಗಿಲು ಕಡೆಯ ಮಕ್ಕಳೂ ಹೀಗೆಯೇ ಬರೆಯುತ್ತಾರೆ. ತೆಲುಗಿನ ವಾಕ್ಯವೂ ಇದೇ ಜಾಡಿನಲ್ಲಿ ಸಾಗುತ್ತದೆಯಲ್ಲ. ಕರ್ತೃವನ್ನು ಒಂದೇ ಸಲ ಹೇಳಿ ‘ಐ ಗಾಟ್ ಅಪ್, ಮಿಲ್ಕ್ಡ್ ದಿ ಕೌ ಅಂಡ್ ಕಾಟ್ ದಿ ಟ್ರೈನ್’ ಎಂದರೆ ತೊಡಕು ತಪ್ಪುತ್ತದೆ.

ನಿಮ್ಮ ಪತ್ರದಲ್ಲಿ ‘ಲೇಟ್’ ಆದ ಮೇಲೆ ಪೂರ್ಣವಿರಾಮವನ್ನೋ ಅರ್ಧವಿರಾಮವನ್ನೋ ಇಡಬಹುದು. ಇಲ್ಲವೇ ಅಲ್ಪವಿರಾಮವನ್ನು ಉಳಿಸಿಕೊಂಡು ಅದರ ಮುಂದೆ ‘ಸೋ’ ಸೇರಿಸಬಹುದು. ನನಗೆ ಹಿಡಿಸುವುದು ‘ಐ ಮಿಸ್ಡ್ ದಿ ಟೆಸ್ಟ್ ಬಿಕಾಸ್ ದಿ ಟ್ರೈನ್ ವಾಸ್ ಲೇಟ್’ ಎಂಬುದು. ಅಲ್ಲಿ ಅಲ್ಪವಿರಾಮವೇ ಬೇಕಿಲ್ಲ. ‘ದೇರ್‌ಫೋರ್’, ‘ಹೌಎವರ್’ ಎಂಬವುಗಳ ವಿಷಯದಲ್ಲಿ ಮಾತ್ರ ಎಚ್ಚರವಿರಲಿ. ಅವು ‘ಸೋ’, ‘ಬಟ್’ಗಳಂತೆ ವಾಕ್ಯಗಳನ್ನು ಬೆಸೆಯಲಾರವು, ಎರಡು ವಾಕ್ಯಗಳ ನಡುವೆ ಬಂದಾಗ ಅವುಗಳಿಗೆ ಮೊದಲು ಅರ್ಧವಿರಾಮವೋ ಪೂರ್ಣವಿರಾಮವೋ ಇರಬೇಕು. ಸೀಸರನ ಮಾತನ್ನು ‘ಐ ಕೇಮ್, ಐ ಸಾ, ಐ ಕಾಂಕರ್ಡ್’ ಎಂದು ಬರೆಯುತ್ತಾರಲ್ಲ ಎಂದು ಕೇಳಬಹುದು. ಮೂರೂ ಅತಿ ಚಿಕ್ಕ, ಒಂದೇ ಅಚ್ಚಿನ ವಾಕ್ಯಗಳಾಗಿರುವಲ್ಲಿ ಆ ಸಲಿಗೆ ಸಲ್ಲುತ್ತದೆ. ಕಾಲೇಜಿಗೆ ಬರೆಯುವ ಪತ್ರದಲ್ಲಿ ಬೇಡ.

ಪ್ರಶ್ನೆ: ‘ಮೈ ಬ್ರದರ್ ಹೂ ವರ್ಕ್ಸ್ ಇನ್ ಮಾಲೂರು, ಹ್ಯಾಸ್ ಬಾಟ್ ಎ ಟ್ರ್ಯಾಕ್ಟರ್’ – ಇದು ಸರಿಯೇ?
– ಓದುಗರು, ಮುಳಬಾಗಿಲು

ಉತ್ತರ: ಸರಿಯಲ್ಲ. ಕರ್ತೃಭಾಗ ಎಷ್ಟೇ ಉದ್ದವಿರಲಿ, ಅದಕ್ಕೂ ಅದರ ಕ್ರಿಯಾಪದಕ್ಕೂ ನಡುವೆ ಒಂಟಿ ಅಲ್ಪವಿರಾಮ ನಿಲ್ಲಕೂಡದು. ಇಲ್ಲಿ ಎರಡು ಹಾಕಬೇಕು, ಇಲ್ಲವೇ ಒಂದೂ ಹಾಕಬಾರದು. ಯಾವುದೆಂದು ಹೇಳಲು ನಿಮಗೆ ಅಣ್ಣತಮ್ಮಂದಿರು ಎಷ್ಟು ಮಂದಿ ಎಂದು ನಾನು ಕೇಳಬೇಕಾಗುತ್ತದೆ. ಒಬ್ಬರೇ ಇದ್ದರೆ ಮಾಲೂರಿನ ಕೆಲಸ ಜೊತೆಗೆ ತಿಳಿಸಿದ ಸಂಗತಿಯಷ್ಟೇ, ಆಗ ‘ಬ್ರದರ್’ ಆದ ಮೇಲೊಂದು, ‘ಮಾಲೂರು’ ಆದ ಮೇಲೊಂದು ಅಲ್ಪವಿರಾಮ ಬೇಕು. ಹಲವರಿದ್ದು, ಅವರಲ್ಲಿ ಮಾಲೂರಿನವರನ್ನು ಗುರುತಿಸಿ ಹೇಳುತ್ತಿದ್ದರೆ ಎರಡೂ ಬೇಡ. ಕನ್ನಡದ ‘ಮಾಲೂರಿನಲ್ಲಿ ಕೆಲಸ ಮಾಡುವ ನನ್ನ ತಮ್ಮ’ ಎಂಬುದು ಎರಡು ಅರ್ಥಕ್ಕೂ ಒದಗುತ್ತದೆ. ಅಣ್ಣನೋ ತಮ್ಮನೋ ಎಂಬುದನ್ನು ಹೇಳದ ಇಂಗ್ಲಿಷ್, ಒಬ್ಬರೋ ಹಲವರೋ ಎಂಬುದನ್ನು ಒಂದು ಜೊತೆ ಅಲ್ಪವಿರಾಮದಿಂದ ಬಯಲು ಮಾಡಿಬಿಡುವುದು ತಮಾಷೆಯೇ ಸರಿ.

ಪ್ರಶ್ನೆ: ಒಂದು ಲಕ್ಷವನ್ನು ಇಂಗ್ಲಿಷ್ ಪತ್ರದಲ್ಲಿ ಹೇಗೆ ಬರೆಯಬೇಕು?
– ಮಾವಿನ ವ್ಯಾಪಾರಿ, ಶ್ರೀನಿವಾಸಪುರ

ಉತ್ತರ: ದೇಶದೊಳಗಿನ ವ್ಯವಹಾರಕ್ಕೆ 1,00,000, ಹೊರದೇಶದ ಖರೀದಿದಾರರಿಗೆ 100,000. ಒಂದೇ ಪತ್ರದಲ್ಲಿ ಎರಡನ್ನೂ ಬೆರೆಸಬೇಡಿ.

ಪ್ರಶ್ನೆ: ನನ್ನ ವಿದ್ಯಾರ್ಥಿಯೊಬ್ಬ ‘ವಾಕಿಂಗ್ ಅಪ್ ದಿ ಸ್ಟೆಪ್ಸ್ ಅಟ್ ಅಂತರಗಂಗೆ, ಎ ಮಂಕಿ ಸ್ನ್ಯಾಚ್ಡ್ ಮೈ ಬ್ಯಾಗ್. ಬಿಕಾಸ್ ದೇರ್ ವಾಸ್ ಎ ಬನಾನಾ ಇನ್ ಇಟ್’ ಎಂದು ಬರೆದಿದ್ದಾನೆ. ತಪ್ಪಿದೆ ಎನಿಸುತ್ತದೆ, ಅವನಿಗೆ ವಿವರಿಸಲು ಬರುತ್ತಿಲ್ಲ.
– ಪ್ರೌಢಶಾಲಾ ಶಿಕ್ಷಕಿ, ಕೋಲಾರ

ಉತ್ತರ: ಅಂತರಗಂಗೆಯ ಕೋತಿಗಳನ್ನು ಬಲ್ಲವರಿಗೆ ಸಂಗತಿಯಲ್ಲಿ ಸಂಶಯವಿರದು, ಸಂಶಯವಿರುವುದು ಮೆಟ್ಟಿಲು ಹತ್ತಿದ್ದು ಯಾರು ಎಂಬುದರಲ್ಲಿ. ‘ಮೆಟ್ಟಿಲು ಹತ್ತುತ್ತಿರುವಾಗ ಕೋತಿ ನನ್ನ ಚೀಲ ಕಿತ್ತುಕೊಂಡಿತು’ ಎಂದರೆ ಹತ್ತುತ್ತಿದ್ದವನು ಹುಡುಗನೇ ಎಂದು ನಾವು ಅರ್ಥ ಮಾಡಿಕೊಳ್ಳುತ್ತೇವೆ. ಇಂಗ್ಲಿಷ್‌ನಲ್ಲಿ ವಾಕ್ಯದ ಮೊದಲಿಗೆ ಬರುವ ‘ವಾಕಿಂಗ್’ ಅಲ್ಪವಿರಾಮದ ಮುಂದಿರುವ ಕರ್ತೃವಿಗೆ ಅಂಟಿಕೊಳ್ಳುವುದರಿಂದ ಮೆಟ್ಟಿಲು ಹತ್ತಿದ್ದು ಕೋತಿ ಎಂದಾಗುತ್ತದೆ. ‘ಆಸ್ ಐ ವಾಸ್ ವಾಕಿಂಗ್’ ಎಂದು ಆರಂಭಿಸಿದರೆ ಸಾಕು. ಎರಡನೆಯದು ಇನ್ನೂ ಸರಳ: ನಮ್ಮ ‘ಏಕೆಂದರೆ ಅದರಲ್ಲಿ ಬಾಳೆಹಣ್ಣಿತ್ತು’ ಎಂಬುದು ಒಂಟಿಯಾಗಿ ನಿಲ್ಲಬಲ್ಲದು, ‘ಬಿಕಾಸ್’ನಿಂದ ಆರಂಭವಾದ ತುಂಡು ನಿಲ್ಲಲಾರದು, ನಡುವಿನ ಪೂರ್ಣವಿರಾಮ ತೆಗೆದು ಹಿಂದಿನ ವಾಕ್ಯಕ್ಕೆ ಸೇರಿಸಲು ಹೇಳಿ.

ಪ್ರಶ್ನೆ: ಪಟ್ಟಿಯ ಕೊನೆಯ ‘ಅಂಡ್’ಗೆ ಮೊದಲು ಅಲ್ಪವಿರಾಮ ಬೇಕೇ?
– ಹಾಲು ಉತ್ಪಾದಕರ ಸಂಘದ ಕಾರ್ಯದರ್ಶಿ, ಕೋಲಾರ ತಾಲ್ಲೂಕು

ಉತ್ತರ: ‘ಮಿಲ್ಕ್, ಕರ್ಡ್ ಅಂಡ್ ಘೀ’ ಎಂಬಂಥ ಪಟ್ಟಿಗೆ ನಮ್ಮಲ್ಲಿ ಸಾಮಾನ್ಯವಾಗಿ ಹಾಕುವುದಿಲ್ಲ, ಹಾಕಿದರೂ ತಪ್ಪಲ್ಲ. ‘ಆಕ್ಸ್‌ಫರ್ಡ್ ಕಾಮಾ’ ಎಂಬ ಹೆಸರಿನ ಈ ಚಿಹ್ನೆಯ ಬೆಲೆ ಎಷ್ಟೆಂದು ತಿಳಿಯಲು ನಿಮ್ಮ ಕಸುಬಿನ ಒಂದು ಮೊಕದ್ದಮೆಯೇ ಇದೆ. ಅಮೆರಿಕದ ಮೇನ್ ರಾಜ್ಯದ ಕಾನೂನು, ಬೇಗ ಕೆಡುವ ಆಹಾರಪದಾರ್ಥಗಳ ಕೆಲವು ಕೆಲಸಗಳನ್ನು ಓವರ್‌ಟೈಮ್ ಭತ್ಯೆಯಿಂದ ಹೊರಗಿಟ್ಟಿತ್ತು. ಆ ಪಟ್ಟಿ ‘ಸ್ಟೋರಿಂಗ್, ಪ್ಯಾಕಿಂಗ್ ಫಾರ್ ಶಿಪ್‌ಮೆಂಟ್ ಆರ್ ಡಿಸ್ಟ್ರಿಬ್ಯೂಷನ್’ ಎಂದು ಮುಗಿಯುತ್ತಿತ್ತು. ‘ಶಿಪ್‌ಮೆಂಟ್’ ಆದ ಮೇಲೆ ಅಲ್ಪವಿರಾಮವಿಲ್ಲ. ಹಾಗಾದರೆ ಹೊರಗಿಟ್ಟದ್ದು ಸಾಗಣೆಗೋ ವಿತರಣೆಗೋ ಪ್ಯಾಕ್ ಮಾಡುವ ಕೆಲಸವನ್ನು ಮಾತ್ರ. ನಾವು ಪ್ಯಾಕ್ ಮಾಡುವವರಲ್ಲ, ವಿತರಿಸುವವರು, ನಮಗೆ ಭತ್ಯೆ ಸಲ್ಲಬೇಕು ಎಂದು ಓಕ್‌ಹರ್ಸ್ಟ್ ಡೈರಿಯ ಹಾಲಿನ ಗಾಡಿಯ ಚಾಲಕರು ವಾದಿಸಿದರು. ಪಟ್ಟಿ ಎರಡರ್ಥಕ್ಕೆ ಎಡೆಕೊಡುತ್ತದೆ ಎಂದು ಮೇಲ್ಮನವಿ ನ್ಯಾಯಾಲಯ 2017ರಲ್ಲಿ ಚಾಲಕರ ಪರ ನಿಂತಿತು; 2018ರಲ್ಲಿ 50 ಲಕ್ಷ ಡಾಲರಿಗೆ ರಾಜಿಯಾಯಿತು. ತೀರ್ಪಿನ ಬಳಿಕ ಶಾಸನಸಭೆ ಆ ಪಟ್ಟಿಯಲ್ಲಿ ಅಲ್ಪವಿರಾಮಗಳನ್ನೇ ತೆಗೆದು ಎಲ್ಲೆಡೆ ಅರ್ಧವಿರಾಮ ಹಾಕಿತು.

ಆದ್ದರಿಂದ ಸಾಮಾನುಗಳ ಪಟ್ಟಿಯಲ್ಲಿ ನಿಮ್ಮಿಷ್ಟ, ಕೆಲಸ ಮತ್ತು ಹಣದ ಪಟ್ಟಿಯಲ್ಲಿ ಕೊನೆಯ ಅಲ್ಪವಿರಾಮ ಹಾಕಿಯೇ ಬಿಡಿ. ಸಂಘದ ಸೂಚನಾ ಫಲಕಕ್ಕಾದರೆ ಒಂದರ ಕೆಳಗೊಂದು ಅಂಕಿ ಹಾಕಿ ಬರೆಯುವುದು ಇನ್ನೂ ವಾಸಿ.