ಬಾಕ್ಸ್ ಇಟ್ಕೊಳ್ರಿ, ಬಂದೂಕನ್ನ ಅದರೊಳಗೆ ಇಡಬ್ಯಾಡ್ರಿ

ನಮ್ಮ ಬಂದೂಕು ಗುಂಪಿನಲ್ಲಿ ಚನ್ನಗಿರಿ ಕಡೆಯ ಅಣ್ಣಾರು ಕೇಳಿರೋದು ಇದು: ಹೊಸ 12 ಬೋರ್ ಡಬಲ್ ಬ್ಯಾರಲ್ (ಜೋಡಿ ನಳಿಗೆ) ಬಂದೂಕಿನ ಜೊತೆ ಬಂದ ರಟ್ಟಿನ ಬಾಕ್ಸ್ ಗುಜರಿಗೆ ಹಾಕ್ಲಾ, ಇಟ್ಕೊಳ್ಳಲಾ? ಅಜ್ಜನ ಕಾಲದ ಗನ್ನಿಗೆ ಚರ್ಮದ ಕೇಸೂ ಇದೆ, ಮೆಕ್ಕೆಜೋಳ ಮನೆಗೆ ಬಂದ ಮೇಲೆ ಕಂಬಳಿ ತುಂಡು ಸುತ್ತಿ ಅದರಲ್ಲೇ ಅಟ್ಟಕ್ಕೆ ಏರಿಸ್ತೀವಿ ಅಂತ ಫೋಟೋ ಸಮೇತ ಹಾಕಿದ್ದಾರೆ. ಕೆಳಗಿನ ಉತ್ತರಗಳೆಲ್ಲ "ಒರಿಜಿನಲ್ ಕೇಸಿಗಿಂತ ಸೇಫ್ ಯಾವುದಿದೆ" ಅನ್ನೋ ಧಾಟಿಯವು. ಪ್ರತಿ ಮಳೆಗಾಲಕ್ಕೂ ಒಬ್ಬರಲ್ಲ ಒಬ್ಬರು ಇದನ್ನೇ ಮಾಡ್ತಾರೆ, ದೀಪಾವಳಿ ಹೊತ್ತಿಗೆ ತುಕ್ಕಿನ ಫೋಟೋ ಹಾಕಿ ಏನು ಮಾಡ್ಲಿ ಅಂತಾರೆ. ಮೊದಲು ಆ ಫೋಟೋ ತೆಗೀರಿ ಅಣ್ಣ, ಗನ್ ನಂಬರ್ ಸಲೀಸಾಗಿ ಓದೋಕೆ ಬರ್ತಿದೆ.

ಬಾಕ್ಸು, ಕೇಸು ಎರಡೂ ಇಟ್ಕೊಳ್ರಿ, ಆದರೆ ಖಾಲಿ. ಕಂಪನಿ ಬಾಕ್ಸ್ ಮಾಡಿರೋದು ಫ್ಯಾಕ್ಟರಿಯಿಂದ ಅಂಗಡಿ ಮುಟ್ಟೋ ತನಕ ಪೆಟ್ಟು ಬೀಳದಿರಲಿ ಅಂತ. ಚರ್ಮದ ಕೇಸ್ ಮಾಡಿರೋದು ರೈಲಲ್ಲಿ, ಜೀಪಲ್ಲಿ ಒಯ್ಯೋಕೆ. ತಿಂಗಳುಗಟ್ಟಲೆ ಕಬ್ಬಿಣ ಮಲಗೋಕೆ ಎರಡೂ ಯೋಗ್ಯ ಅಲ್ಲ.

ಯಾಕೆ ಅಂದ್ರೆ, ಮುಚ್ಚಿದ ಕೇಸಿನೊಳಗೆ ಬಟ್ಟೆ, ಚರ್ಮ, ರಟ್ಟು ಎಲ್ಲವೂ ನೀರಾವಿ ಹೀರಿ ಇಟ್ಕೊಳ್ಳುತ್ತವೆ. ಶೀಟಿನ ಮನೆ ಅಟ್ಟ ಹಗಲು ಕಾಯುತ್ತೆ, ಆ ಶಾಖಕ್ಕೆ ಹೀರಿದ್ದೆಲ್ಲ ಹೊರಗೆ ಬಂದು ಕೇಸಿನ ಗಾಳಿಗೆ ಸೇರುತ್ತೆ. ರಾತ್ರಿ ತಣಿಯುತ್ತಿದ್ದಂಗೆ ಅದೇ ಆವಿ ಬ್ಯಾರಲ್ ಮೇಲೆ ಇಬ್ಬನಿಯಾಗಿ ಕೂರುತ್ತೆ. ಮುಚ್ಚಳ ಬಿಗಿಯಾಗಿದ್ದಷ್ಟೂ ಆ ಪಸೆ ಹೊರಗೆ ಹೋಗೋಕೆ ದಾರಿ ಇಲ್ಲ. ಭದ್ರಾ ನಾಲೆ ಕೆಳಗಿನ ಚನ್ನಗಿರಿ, ಹೊನ್ನಾಳಿ, ಹರಿಹರದ ಕಡೆ ತೋಟ ಗದ್ದೆ ನಡುವೆ ಮನೆ ಇರೋರಿಗೆ ಇದು ಮಳೆಗಾಲದ ಮಾತಷ್ಟೇ ಅಲ್ಲ, ನಾಲೆಗೆ ನೀರು ಬಿಟ್ಟಾಗಲೆಲ್ಲ ಇದೇ ಗೋಳು.

ಕೇಸಿನಲ್ಲಿಟ್ಟ ಗನ್ನಿನ ತುಕ್ಕಿಗೆ ಒಂದು ಗುರುತಿದೆ: ಒಳಬಟ್ಟೆ ತಾಗಿದ ಕಡೆ ಮಾತ್ರ ಪಟ್ಟಿ ಪಟ್ಟಿಯಾಗಿ ಕಂದು, ತಾಗದ ಕಡೆ ಫಳಫಳ. ಹಳೇ ಕೇಸಿನ ಚರ್ಮ ತೊಗಟೆಯ ಒಗರಿನಲ್ಲಿ ಹದ ಮಾಡಿದ್ದು, ಅದರಲ್ಲಿ ಹುಳಿ ಇದ್ದೇ ಇರುತ್ತೆ. ಒಳಚೌಕಟ್ಟು ಓಕ್ ಮರದ್ದಾದ್ರೆ ಅದೂ ವಿನೆಗರ್ ಜಾತಿಯ ಆಮ್ಲದ ಆವಿ ಬಿಡುತ್ತೆ. ಈಗಿನ ರೆಕ್ಸಿನ್ ಕೇಸ್ ಹಳೇದಾಗಿ ಅಂಟಂಟು ಆಯ್ತು ಅಂದ್ರೆ ಅದೂ ಕಬ್ಬಿಣಕ್ಕೆ ಒಳ್ಳೇದಲ್ಲ. ಪ್ಲಾಸ್ಟಿಕ್ ಹಾರ್ಡ್ ಕೇಸಿನ ಸ್ಪಾಂಜಂತೂ ಒಮ್ಮೆ ಒದ್ದೆ ಆಯ್ತಂದ್ರೆ ವಾರವಾದ್ರೂ ಒಣಗಲ್ಲ, ವರ್ಷಗಳು ಕಳೆದ ಮೇಲೆ ಪುಡಿಯಾಗಿ ಬ್ಲೂಯಿಂಗ್‌ಗೆ (ಬ್ಯಾರಲ್ ಮೇಲಿನ ಕಪ್ಪು-ನೀಲಿ ಲೇಪಕ್ಕೆ) ಮೆತ್ತಿಕೊಳ್ಳುತ್ತೆ. ರಟ್ಟಿನ ಬಾಕ್ಸಿನಲ್ಲಿ ಥರ್ಮಾಕೋಲ್ ಇದ್ದು, ಇಲಿ ಹುಳ ಬರದಿರಲಿ ಅಂತ ನುಸಿಗುಳಿಗೆ ಹಾಕಿದ್ರೆ ಥರ್ಮಾಕೋಲೇ ಕರಗಿ ಸ್ಟಾಕಿನ (ಹೆಗಲಿಗೆ ಕೊಡೋ ಮರದ ಹಿಡಿಯ) ಪಾಲಿಶ್‌ಗೆ ಅಂಟುತ್ತೆ.

ಇನ್ನು ಕಂಬಳಿ. ಚಳ್ಳಕೆರೆ ಕಂಬಳಿ ಹೊದೆಯೋಕೆ ಚಿನ್ನದಂಥದ್ದು, ಬಂದೂಕಿಗೆ ಸುತ್ತೋಕೆ ಅಲ್ಲ. ಉಣ್ಣೆ ತನ್ನ ತೂಕದ ಮೂರರಲ್ಲೊಂದು ಪಾಲಿನಷ್ಟು ಪಸೆ ಹೀರಿದ್ರೂ ಮುಟ್ಟಿದ್ರೆ ಒಣಗಿದಂಗೇ ಇರುತ್ತೆ, ಅದಕ್ಕೇ ಯಾರಿಗೂ ಅನುಮಾನ ಬರಲ್ಲ.

ಮೇಲಿನ ತುಕ್ಕು ಉಜ್ಜಿ ತೆಗೀಬಹುದು. ಡಬಲ್ ಬ್ಯಾರಲ್‌ನಲ್ಲಿ ನಿಜವಾದ ನಷ್ಟ ಕಾಣೋದು ರಿಬ್ ಕೆಳಗೆ. ಎರಡು ಬ್ಯಾರಲ್ ನಡುವಿನ ಪಟ್ಟಿ ಸೀಸ-ತವರದ ಬೆಸುಗೆಯಲ್ಲಿ ಕೂತಿರುತ್ತೆ. ಬೆಸುಗೆ ಒಂದು ಕಡೆ ಕೂದಲೆಳೆಯಷ್ಟು ಬಿಟ್ಟರೂ ಪಸೆ ಒಳಗಿಳಿದು ಹೊರಗಿನಿಂದ ಕಾಣದಂಗೆ ತಿನ್ನುತ್ತಾ ಹೋಗುತ್ತೆ. ಪರೀಕ್ಷೆ ಸುಲಭ: ಬ್ಯಾರಲ್ ಬಿಚ್ಚಿ, ಕೆಳಗಿನ ಕೊಕ್ಕೆಗೆ ದಾರ ಕಟ್ಟಿ ತೂಗಾಡಿಸಿ ಬೆರಳಗೆಣ್ಣಿನಿಂದ ಮೆಲ್ಲಗೆ ಹೊಡೀರಿ. ಗುಡಿ ಗಂಟೆ ಥರ ಎಳೆದು ಮೊಳಗಿದ್ರೆ ರಿಬ್ ಗಟ್ಟಿ. ಮೊಂಡು ಸದ್ದು, ಇಲ್ಲಾ ಜಿರ್ ಅನ್ನೋ ಕಂಪನ ಬಂದ್ರೆ ಎಲ್ಲೋ ಬಿಟ್ಟಿದೆ, ಗನ್‌ಸ್ಮಿತ್ (ಬಂದೂಕು ರಿಪೇರಿಯವರ) ಹತ್ರ ಹೋಗ್ರಿ. ಗ್ಯಾಸ್ ವೆಲ್ಡಿಂಗ್ ಅಂಗಡಿಗೆ ಯಾವ ಕಾರಣಕ್ಕೂ ಒಯ್ಯಬ್ಯಾಡ್ರಿ. ಆ ಶಾಖಕ್ಕೆ ಉಳಿದ ಬೆಸುಗೆಯೂ ಕರಗುತ್ತೆ, ಬ್ಯಾರಲ್ ಡೊಂಕಾಗುತ್ತೆ.

ಹಂಗಾದ್ರೆ ಇಡೋದೆಲ್ಲಿ? ಗಾಡ್ರೇಜ್ ಥರದ ಕಬ್ಬಿಣದ ಅಲ್ಮೇರಾ, ಅದಕ್ಕೆ ಒಳ್ಳೇ ಬೀಗ, ತೋಟಾ ಬೇರೆ ಬೀಗದಲ್ಲಿ. ಅಲ್ಮೇರಾ ಹೊರಗೋಡೆಗೆ ತಾಗದಂಗೆ ನಾಲ್ಕು ಬೆರಳು ಮುಂದೆ ಇರಲಿ. ಇಡೋ ಮುಂಚೆ ಎರಡೂ ಚೇಂಬರ್ (ತೋಟಾ ಕೂರೋ ಜಾಗ) ಖಾಲಿ ಅಂತ ಕಣ್ಣಲ್ಲಿ ನೋಡಿ, ಬೆರಳಲ್ಲಿ ಮುಟ್ಟಿ ಖಾತ್ರಿ ಮಾಡ್ಕೊಳ್ರಿ. ಬೋರ್‌ಗೆ (ಬ್ಯಾರಲ್ ಒಳಮೈಗೆ) ಮೊದಲು ಫಾಸ್ಫರ್ ಬ್ರಾಂಝ್ ಬ್ರಶ್, ಆಮೇಲೆ ಒಣ ಹತ್ತಿ ಬಟ್ಟೆ, ಬಟ್ಟೆ ಕಪ್ಪಾಗೋದು ನಿಲ್ಲೋ ತನಕ. ತೋಟಾದೊಳಗಿನ ಪ್ಲಾಸ್ಟಿಕ್ ವ್ಯಾಡ್ (ಮದ್ದು, ಛರ್ರೆ ನಡುವಿನ ತುಂಡು) ಬಿಟ್ಟ ಪದರದ ಕೆಳಗೇ ತುಕ್ಕು ಶುರುವಾಗೋದು, ಅದನ್ನ ಬಿಟ್ಟು ಮೇಲೆ ಎಣ್ಣೆ ಹಚ್ಚಿದ್ರೆ ಏನೂ ಉಪಯೋಗ ಇಲ್ಲ. ಆಮೇಲೆ ಒಂದು ಬ್ಯಾರಲ್‌ಗೆ ನಾಲ್ಕು ಹನಿ ಎಣ್ಣೆ ಬಟ್ಟೆಗೆ ಹಾಕಿ ಎಳೀರಿ. ಹೊರಗೆ ಎಣ್ಣೆ ಬಟ್ಟೆಯಿಂದ ಒರೆಸಿದ ಮೇಲೆ ಬರಿಗೈಲಿ ಮುಟ್ಟಬ್ಯಾಡ್ರಿ, ಬೆವರಿನ ಉಪ್ಪಿಗೆ ಎರಡೇ ದಿನದಲ್ಲಿ ಬೆರಳಚ್ಚು ಕೆಂಪಾಗಿ ಏಳುತ್ತೆ.

ನಿಲ್ಲಿಸೋದು ಬ್ಯಾರಲ್ ಬಾಯಿ ಕೆಳಗೆ, ಸ್ಟಾಕ್ ಮೇಲೆ. ಇದನ್ನ ಹೇಳಿದ್ರೆ ನಗ್ತಾರೆ, ಆದರೆ ಹಳೇ ಗನ್‌ಗಳ ಸ್ಟಾಕ್ ಕುತ್ತಿಗೆ ಕಪ್ಪಾಗಿ ಮೆತ್ತಗಾಗಿರೋದು ನೋಡಿದ್ದೀರಲ್ಲ, ಅದು ನೆಟ್ಟಗೆ ನಿಲ್ಲಿಸಿದ ಗನ್ನಿನ ಎಣ್ಣೆ ಆ್ಯಕ್ಷನ್ (ಬ್ಯಾರಲ್, ಸ್ಟಾಕ್ ನಡುವಿನ ಯಂತ್ರಭಾಗ) ಮೂಲಕ ಇಳಿದು ಮರ ಕುಡಿದಿದ್ದು. ಎಣ್ಣೆ ಕುಡಿದ ವಾಲ್ನಟ್ ಹೊಡೆತಕ್ಕೆ ಅಲ್ಲೇ ಸೀಳುತ್ತೆ. ಬಾಯಿ ಕೆಳಗೆ ಮರದ ತುಂಡು, ಅದರ ಮೇಲೆ ಮಡಚಿದ ಹತ್ತಿ ಬಟ್ಟೆ ಇರಲಿ. ಬಾಯಿಗೆ ಬಿರಡೆ, ಚಿಂದಿ ತುರುಕಬ್ಯಾಡ್ರಿ. ಒಳಗೆ ಪಸೆ ಕಟ್ಟುತ್ತೆ, ಅದಕ್ಕಿಂತ ದೊಡ್ಡ ವಿಷಯ ಅಂದ್ರೆ ಮರೆತು ಹೊಡೆದ್ರೆ ಬ್ಯಾರಲ್ ಉಬ್ಬುತ್ತೆ, ಇಲ್ಲಾ ಸೀಳುತ್ತೆ. ಕುಂಬಾರ ಹುಳ ಮಣ್ಣು ಕಟ್ಟಿದ ಬ್ಯಾರಲ್‌ಗೂ ಇದೇ ಗತಿ. ಇಟ್ಟು ತೆಗೆದಾಗಲೆಲ್ಲ ತೋಟಾ ಹಾಕೋ ಮುಂಚೆ, ಗನ್ನನ್ನ ಕೀಲಿನಲ್ಲಿ ಬಗ್ಗಿಸಿ ತೆರೆದು, ಚೇಂಬರ್ ಕಡೆಯಿಂದ ಬೆಳಕಿಗೆ ಹಿಡಿದು ನೋಡ್ರಿ.

ಕೇಸಿಗೆ ಹಾಕೋಕೆ ಗನ್ ಬಿಚ್ಚಬೇಕು. ಬಿಚ್ಚದೆ ಜೋಡಿಸಿಯೇ ಅಲ್ಮೇರಾದಲ್ಲಿ ಇಡೋಕೆ ಇನ್ನೊಂದು ಕಾರಣ ಸ್ಪ್ರಿಂಗ್. ಬಹಳಷ್ಟು ಹ್ಯಾಮರ್‌ಲೆಸ್ (ಹೊರಗೆ ಕುದುರೆ ಕಾಣದ) ಗನ್ ಬಗ್ಗಿಸಿ ತೆರೆದ ಕೂಡ್ಲೇ ಕಾಕ್ ಆಗ್ತವೆ, ಅಂದ್ರೆ ಹೊಡೆಯೋಕೆ ಸ್ಪ್ರಿಂಗ್ ಬಿಗಿದು ಸಜ್ಜಾಗ್ತವೆ. ಹಂಗೇ ಬಿಚ್ಚಿ ಕೇಸಿಗೆ ಹಾಕಿದ್ರೆ ವರ್ಷಪೂರ್ತಿ ಸ್ಪ್ರಿಂಗ್ ಬಿಗಿದೇ ಇರುತ್ತೆ. ಅಲ್ಮೇರಾದಲ್ಲಿ ಜೋಡಿಸಿಟ್ರೆ ಸ್ನ್ಯಾಪ್ ಕ್ಯಾಪ್ (ಮದ್ದಿಲ್ಲದ ಡಮ್ಮಿ ತೋಟಾ) ಹಾಕಿ ಎರಡೂ ಟ್ರಿಗರ್ ಬಿಡಿಸಿ ಇಡಬಹುದು. ಬಿಚ್ಚಿದ ಮೇಲೆ ಮಾತ್ರ ಟ್ರಿಗರ್ ಎಳೀಬ್ಯಾಡ್ರಿ. ಕೆಲವು ಮಾಡೆಲ್‌ನಲ್ಲಿ ಆಮೇಲೆ ಬ್ಯಾರಲ್ ವಾಪಸ್ ಕೂರೋದೇ ಇಲ್ಲ, ಆಗ ಸುತ್ತಿಗೆ ತಗೊಳ್ಳೋ ಪುಣ್ಯಾತ್ಮರೂ ಇದ್ದಾರೆ.

ಸಿಲಿಕಾ ಜೆಲ್ (ಪಸೆ ಹೀರೋ ಹರಳು) ಅಲ್ಮೇರಾದ ಒಂದು ಖಾನೆಗೆ ಕಾಲು ಕೆಜಿ, ತೆಳು ಹತ್ತಿ ಚೀಲದಲ್ಲಿ. ಶೂ ಡಬ್ಬದಲ್ಲಿ ಬರೋ ಪುಟ್ಟ ಪೊಟ್ಟಣ ಎಣಿಸಿ ಇಡೋರಿಗೆ ಹೇಳ್ತಿದ್ದೀನಿ, ಅವು ಅಂಗಡಿಯಲ್ಲೇ ತುಂಬಿಹೋಗಿರುತ್ತವೆ. ನೀಲಿ ಹರಳು ಪಸೆ ತುಂಬಿದಾಗ ಗುಲಾಬಿ ಆಗುತ್ತೆ, ಆದ್ರೆ ಅದರಲ್ಲಿ ಕೋಬಾಲ್ಟ್ ಇರುತ್ತೆ, ವಿಷ. ಕಿತ್ತಳೆ ಬಣ್ಣದ್ದು ತಗೊಳ್ರಿ. 110-120 ಡಿಗ್ರಿಯಲ್ಲಿ ಎರಡು ಗಂಟೆ ಬಿಸಿ ಮಾಡಿದ್ರೆ ಮತ್ತೆ ಕೆಲಸಕ್ಕೆ ಬರುತ್ತೆ. ಯಾವ ಬಣ್ಣದ್ದೇ ಆಗ್ಲಿ, ಅಡುಗೆ ಬಾಣಲೆಯಲ್ಲಿ ಹುರೀಬ್ಯಾಡ್ರಿ. ಜೀರೋ ಬಲ್ಬ್ ಹಾಕಿಟ್ರೆ ಸಾಕು ಅನ್ನೋದು ಹಳೇ ಕಾಲದ ಬುದ್ಧಿ. ಆಗಿನ ಜೀರೋ ಬಲ್ಬ್ 15 ವ್ಯಾಟ್‌ನಷ್ಟು ಎಳೆದು ಕಾಯ್ತಿತ್ತು, ಈಗಿನ ಎಲ್‌ಇಡಿ ಕಾಯಲ್ಲ, ಬೆಳಕು ಬಿಟ್ಟು ಏನೂ ಬರಲ್ಲ.

ಎಣ್ಣೆ ಜಗಳ ಗುಂಪಿನಲ್ಲಿ ಮುಗಿಯಲ್ಲ, ಚಿಕ್ಕದಾಗಿ ಹೇಳ್ತೀನಿ. ಡಬ್ಲ್ಯುಡಿ-40 ಸ್ಪ್ರೇ ನೀರು ಓಡಿಸೋಕೆ ಚೆನ್ನಾಗಿದೆ, ಒದ್ದೆಯಾಗಿ ಬಂದ ದಿನ ಹೊಡೀರಿ, ಆದ್ರೆ ಒರೆಸಿ ಬೇರೆ ಎಣ್ಣೆ ಹಚ್ರಿ. ಅದೊಂದನ್ನೇ ನಂಬಿ ಮಳೆಗಾಲ ಕಳೆಯೋಕಾಗಲ್ಲ. ಬ್ಯಾಲಿಸ್ಟಾಲ್ ಅನ್ನೋ ಗನ್ ಎಣ್ಣೆ ಸಿಕ್ಕಿದ್ರೆ ತಗೊಳ್ರಿ, ಸಿಗದಿದ್ರೆ ಹೊಲಿಗೆ ಮಿಷಿನ್ ಎಣ್ಣೆ ಸಾಕು, ತಿಂಗಳಿಗೊಮ್ಮೆ ಹೊಸದಾಗಿ ಹಚ್ಚಬೇಕು ಅಷ್ಟೇ. ಕೊಬ್ಬರಿ ಎಣ್ಣೆ ಕಮಟು ಹಿಡಿದು ಹುಳಿಯಾಗುತ್ತೆ. ಚಳ್ಳಕೆರೆ ಎಣ್ಣೆ ಮಿಲ್ಲಿನ ಊರು ಅಂತ ಲಾಕಿಗೆ (ಟ್ರಿಗರ್ ಹಿಂದಿನ ಯಂತ್ರಕ್ಕೆ) ಶೇಂಗಾ ಎಣ್ಣೆ ಬಿಟ್ಟವರ ಗನ್ ತೆರೆದು ನೋಡ್ರಿ, ಒಳಗೆ ಅಂಟು ಕಟ್ಟಿ ಟ್ರಿಗರ್ ಜಿಗುಟಾಗಿರುತ್ತೆ.

ಹಿರಿಯೂರು, ಮೊಳಕಾಲ್ಮೂರು ಕಡೆಯವರು "ನಮ್ಮಲ್ಲಿ ಪಸೆಯೇ ಇಲ್ಲ" ಅಂತೀರಿ. ನಿಮ್ಮಲ್ಲಿ ಮರದ ಕಷ್ಟ. ಬೇಸಿಗೆಗೆ ಸ್ಟಾಕ್ ಒಣಗಿ ಕುಗ್ಗುತ್ತೆ, ಸ್ಕ್ರೂ ಸಡಿಲಾಗುತ್ತೆ, ಅದನ್ನ ಅಂಗಡಿ ಸ್ಕ್ರೂಡ್ರೈವರ್‌ನಲ್ಲಿ ತಿರುವಿ ತಲೆ ಕೆಡಿಸ್ತೀರಿ. ಗನ್ ಸ್ಕ್ರೂ ತಲೆಯ ಸೀಳು ಬಹಳ ಸಪೂರ, ಸ್ಕ್ರೂಡ್ರೈವರ್ ತುದಿ ಅದಕ್ಕೆ ತಕ್ಕಂಗೆ ಅರೆದು ಕೂರಿಸಬೇಕು. ಮರಕ್ಕೆ ಅಗಸೆ ಎಣ್ಣೆ ಐದಾರು ಹನಿ, ಅಂಗೈ ಬಿಸಿಯಾಗೋವರೆಗೆ ತಿಕ್ಕಿ ಒರೆಸಿಬಿಡ್ರಿ. ಒರೆಸಿದ ಬಟ್ಟೆ ಮುದ್ದೆ ಮಾಡಿ ಮೂಲೆಗೆ ಎಸೀಬ್ಯಾಡ್ರಿ, ಅಗಸೆ ಎಣ್ಣೆ ಬಟ್ಟೆ ತಾನಾಗೇ ಕಾದು ಹೊತ್ತಿಕೊಳ್ಳುತ್ತೆ. ಹರವಿ ಒಣಗಿಸ್ರಿ.

ಈಗ ಖಾಲಿ ಬಾಕ್ಸಿನ ಬೆಲೆ ಏನು ಅನ್ನೋದು. ಇಂಡಿಯನ್ ಆರ್ಡ್ನೆನ್ಸ್ (ಸರ್ಕಾರಿ ಕಾರ್ಖಾನೆ) ಗನ್ನಿನ ರಟ್ಟಿಗೆ ಮಾರೋವಾಗ ಯಾರೂ ಹೆಚ್ಚಿಗೆ ಕೊಡಲ್ಲ. ಜಾಗ ಇಲ್ಲ ಅಂದ್ರೆ ನಂಬರ್ ಇರೋ ಚೀಟಿ ಕತ್ತರಿಸಿ, ಬಿಲ್ಲು, ಮಾಹಿತಿ ಪುಸ್ತಕದ ಜೊತೆ ಫೈಲಿಗೆ ಹಾಕಿ, ರಟ್ಟು ಹರಿದು ಹಾಕ್ರಿ. ಇಡಿಯಾಗಿ ಗುಜರಿಗೆ ಕೊಟ್ರೆ ನಿಮ್ಮನೇಲಿ ಬಂದೂಕಿದೆ ಅಂತ ಊರಿಗೆ ಡಂಗುರ ಹೊಡೆದಂಗೆ.

ಅಜ್ಜನ ಕೇಸಿನ ಲೆಕ್ಕ ಬೇರೆ. ಮುಚ್ಚಳದ ಒಳಗೆ ಇಂಗ್ಲೆಂಡಿನ ಬಂದೂಕು ಕಂಪನಿಗಳಾದ ಗ್ರೀನರ್, ವೆಬ್ಲಿ ಸ್ಕಾಟ್ ಅಥವಾ ಕಲ್ಕತ್ತಾದ ಮ್ಯಾಂಟನ್, ರೋಡಾ ಕಂಪನಿಯ ಲೇಬಲ್ ಇದ್ರೆ ಅದನ್ನ ಒರೆಸೋಕೂ ಹೋಗಬ್ಯಾಡ್ರಿ. ಲೇಬಲ್ ಮೇಲಿನ ವಿಳಾಸದಿಂದ ಕೇಸ್ ಯಾವ ಕಾಲದ್ದು ಅಂತ ಹೇಳಬಹುದು. ಆದ್ರೆ ಕೇಸ್ ಗ್ರೀನರ್‌ದು ಅಂದ ಮಾತ್ರಕ್ಕೆ ಗನ್ ಗ್ರೀನರ್ ಆಗಲ್ಲ, ಅದಲು ಬದಲಾದ ಕೇಸ್‌ಗಳು ಬೇಕಾದಷ್ಟಿವೆ. ಬ್ಯಾರಲ್ ಖಾನೆ ಅಳೀರಿ. 30 ಇಂಚಿನ ಖಾನೆಯಲ್ಲಿ 28 ಇಂಚಿನ ಬ್ಯಾರಲ್ ಮಲಗಿ, ತುದಿಗೆ ಆಮೇಲೆ ಕೂರಿಸಿದ ಮರದ ತುಂಡಿದ್ರೆ ಅನುಮಾನ ಪಡ್ರಿ. ರಾಡ್, ಎಣ್ಣೆ ಕುಪ್ಪಿ, ಸ್ನ್ಯಾಪ್ ಕ್ಯಾಪ್, ಕೇಸಿನ ಕೀಲಿ ಬಿಡಿಬಿಡಿ ಮಾಡಬ್ಯಾಡ್ರಿ, ಬೆಲೆ ಇರೋದು ಪೂರ್ತಿ ಸೆಟ್ಟಿಗೆ. ಚರ್ಮ ಕೆಂಪು ಪುಡಿಯಾಗಿ ಕೈಗೆ ಹತ್ತುತ್ತಿದ್ರೆ ಅದು ವಾಪಸ್ ಬರಲ್ಲ. ಬೂಟ್ ಪಾಲಿಶು, ಎಣ್ಣೆ ಮೆತ್ತಿದ್ರೆ ಕಪ್ಪಾಗಿ ಗಟ್ಟಿಯಾಗಿ ಬಿರಿಯುತ್ತೆ. ಹಳೇ ಹಿಡಿಕೆ ಹಿಡಿದು ತುಂಬಿದ ಕೇಸ್ ಎತ್ತಬ್ಯಾಡ್ರಿ, ಹೊಲಿಗೆ ಹೋಗಿರುತ್ತೆ, ಕೆಳಗೆ ಕೈ ಕೊಡ್ರಿ. ಖಾಲಿ ಕೇಸನ್ನ ಹತ್ತಿ ಬಟ್ಟೆ ಸುತ್ತಿ ಕಬ್ಬಿಣದ ರ್‍ಯಾಕ್ ಮೇಲೆ ಇಡ್ರಿ. ಮಣ್ಣಿನ ಗೋಡೆಗೆ ತಾಗಿಸಿದ್ರೆ ಗೆದ್ದಲಿಗೆ ಅದೇ ಹಬ್ಬ.

ಮಾರೋ ವಿಚಾರ ಇದ್ರೆ, ಕೇಸ್ ಇದೆ ಅನ್ನೋದು ಮಾಲೀಕತ್ವಕ್ಕೆ ಪುರಾವೆ ಅಲ್ಲ, ಲೈಸೆನ್ಸು ಬಿಲ್ಲೇ ಆಧಾರ. ಲೈಸೆನ್ಸ್ ಇರೋರಿಗೆ ಖಾಸಗಿಯಾಗಿ ಮಾರೋದಾದ್ರೂ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ಇಲ್ಲಾ ಹತ್ತಿರದ ಠಾಣೆಗೆ ಬರವಣಿಗೆಯಲ್ಲಿ ತಿಳಿಸಿ 45 ದಿನ ಕಳೀಬೇಕು ಅಂತ 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಹೇಳುತ್ತೆ. 2019ರ ತಿದ್ದುಪಡಿ ಆದ ಮೇಲೆ ಒಬ್ಬರ ಹೆಸರಲ್ಲಿ ಎರಡೇ ಗನ್. ಹಂಗಾಗಿ ಮೂರನೇದು ಕೊಟ್ಟು ಕೇಸ್ ಮಾತ್ರ ಮನೇಲಿ ಉಳಿಸ್ಕೊಂಡವರಿದ್ದಾರೆ. ಖಾಲಿ ಕೇಸಿಗೆ ಲೈಸೆನ್ಸ್ ಬೇಕಿಲ್ಲ. ಆದ್ರೆ ಖಾನೆ, ಜೇಬು, ಒಳಬಟ್ಟೆ ಮಡಿಕೆ ಎಲ್ಲ ತಡಕಿ ನೋಡ್ರಿ, ಹಳೇ ತೋಟಾ ಒಂದೋ ಎರಡೋ ಅಲ್ಲೇ ಉಳಿದಿರುತ್ತೆ. ಗನ್ ಹೋದ ಮೇಲೆ ಆ ತೋಟಾ ನಿಮ್ಮ ಕೈಲಿ ಇರೋ ಹಂಗಿಲ್ಲ.

ಚುನಾವಣೆ ಹೊತ್ತಿಗೆ ಗನ್ನನ್ನ ಠಾಣೆಯಲ್ಲಿ ಠೇವಣಿ ಇಡೋವಾಗ ಒರಿಜಿನಲ್ ಕೇಸ್ ಕೊಟ್ಟು ಬರಬ್ಯಾಡ್ರಿ. ಕ್ಯಾನ್ವಾಸ್ ಸ್ಲಿಪ್ (ಬಟ್ಟೆಯ ಚೀಲ) ಸಾಕು, ಹೆಸರು ನಂಬರಿನ ಚೀಟಿ ಟ್ರಿಗರ್ ಗಾರ್ಡಿಗೆ ಕಟ್ರಿ, ಸ್ಲಿಪ್ಪಿಗೂ ಇನ್ನೊಂದು. ಎರಡು ತಿಂಗಳು ಯಾರೂ ಮುಟ್ಟಲ್ಲ ಅಂತ ಲೆಕ್ಕ ಹಾಕಿ ಎಣ್ಣೆ ಬದಲು ಗ್ರೀಸ್ ತೆಳ್ಳಗೆ ಸವರ್ರಿ. ಸ್ಟಾಕಿನ ಗೀರು, ಬ್ಯಾರಲ್ ಎಲ್ಲಾ ಕಾಣೋ ಹಂಗೆ ಫೋಟೋ ತೆಗೆದಿಟ್ಕೊಳ್ರಿ, ಗುಂಪಿಗೆ ಹಾಕೋಕಲ್ಲ. ರಸೀದಿಯಲ್ಲಿ ಗನ್ ನಂಬರ್ ಸರಿ ಬರೆದಿದ್ದಾರಾ ಅಂತ ಅಲ್ಲೇ ನಿಂತು ಓದ್ರಿ. ವಾಪಸ್ ತಂದ ದಿನ ಬೋರಿನ ಗ್ರೀಸ್ ಪೂರ್ತಿ ತೆಗೆಯದೆ ತೋಟಾ ಹಾಕಬ್ಯಾಡ್ರಿ.

ತೋಟಾ ಡಬ್ಬ ಮಾತ್ರ ಯಾವತ್ತೂ ಎಸೀಬ್ಯಾಡ್ರಿ. ಕೆಎಫ್ ಸ್ಪೆಷಲ್ ಆಗ್ಲಿ, ಶಕ್ತಿಮಾನ್ ಆಗ್ಲಿ, ಯಾವ ಬ್ರ್ಯಾಂಡಿನದ್ದೇ ಆದ್ರೂ ಲಾಟ್ (ಯಾವ ಕಂತಿನಲ್ಲಿ ತಯಾರಾಗಿದ್ದು ಅನ್ನೋ) ಮಾಹಿತಿ ಇರೋದು ಆ ರಟ್ಟಿನ ಮೇಲೆ. ಸುರುವಿ ಒಂದೇ ಡಬ್ಬಿಗೆ ತುಂಬಿದ್ರೆ ಯಾವುದು ಹಳೇದು ಅಂತ ಗೊತ್ತಾಗಲ್ಲ. 65 ಮಿಲಿಮೀಟರ್ ಚೇಂಬರಿನ ಹಳೇ ಗನ್ ಇರೋರ ಮನೇಲಿ 70ರ ತೋಟಾ ಬೆರೆತರೆ ಅಪಾಯ, ಯಾಕಂದ್ರೆ ಅದು ಒಳಗೆ ಹೋಗುತ್ತೆ, ಹೊಡೆದಾಗ ತೋಟಾದ ಮಡಚಿದ ಬಾಯಿ ಬಿಚ್ಚೋಕೆ ಜಾಗ ಸಾಲದೆ ಒತ್ತಡ ಏರುತ್ತೆ. ಕಾಗದದ ಹಳೇ ತೋಟಾ ಪಸೆಗೆ ಉಬ್ಬಿ ಚೇಂಬರಿಗೆ ಬಿಗಿಯಾದ್ರೆ ಒತ್ತಿ ತುರುಕಬ್ಯಾಡ್ರಿ, ಬಿಸಿಲಲ್ಲಿ ಒಣಗಿಸೋಕೂ ಹೋಗಬ್ಯಾಡ್ರಿ, ಡೀಲರ್ ಹತ್ರ ಕೊಟ್ಟು ಲೈಸೆನ್ಸ್‌ನಲ್ಲಿ ನಮೂದು ಮಾಡಿಸ್ರಿ.