ಅಮೆರಿಕದ ಕಾಲೇಜು ಆಟಗಾರರಿಗೆ ಈಗ ಗಾಂಜಾ ನಿಷೇಧ ಇಲ್ಲವಂತೆ, ನಿಜವೇ?

ಟೆನಿಸ್ ಸ್ಕಾಲರ್‌ಶಿಪ್ ಮೇಲೆ ಡಿವಿಷನ್ 1 (ಅಲ್ಲಿನ ಕಾಲೇಜು ಕ್ರೀಡೆಯ ಮೇಲಿನ ದರ್ಜೆ) ಕಾಲೇಜಿಗೆ ಹೊರಟಿದ್ದೀರಿ, ಆ ರಾಜ್ಯದಲ್ಲಿ ಗಾಂಜಾ ಕಾನೂನುಬದ್ಧ, ಕಾಲೇಜು ಕ್ರೀಡೆ ನಡೆಸುವ ಸಂಸ್ಥೆ ಎನ್‌ಸಿಎಎ ಕೂಡ ನಿಷೇಧಿತ ಪಟ್ಟಿಯಿಂದ ತೆಗೆದಿದೆ, ಇನ್ನೇನು ಭಯ ಅಂತ ಕೇಳಿದ್ದೀರಿ. ಸುದ್ದಿ ನಿಜ. 2022ರ ಫೆಬ್ರವರಿಯಲ್ಲಿ ಎನ್‌ಸಿಎಎ ಮೂತ್ರದ ಟೆಸ್ಟಿನಲ್ಲಿ ಟಿಎಚ್‌ಸಿ (ಗಾಂಜಾದ ಅಮಲಿನ ಅಂಶ) ಮಿತಿಯನ್ನು ಮಿಲಿಲೀಟರಿಗೆ 35ರಿಂದ 150 ನ್ಯಾನೊಗ್ರಾಂಗೆ ಏರಿಸಿತು. 2024ರ ಜೂನ್‌ನಲ್ಲಿ ಡಿವಿಷನ್ 1 ಕೌನ್ಸಿಲ್ ಗಾಂಜಾವನ್ನು ನಿಷೇಧಿತ ಪಟ್ಟಿಯಿಂದಲೇ ಕೈಬಿಟ್ಟಿತು. ಆದರೆ ಅದು ಎನ್‌ಸಿಎಎ ತಾನೇ ನಡೆಸುವ ಟೆಸ್ಟಿನ ಮಾತು. ನಿಮ್ಮನ್ನು ಹಿಡಿಯುವವರು ಬೇರೆಯವರು.

ಮೊದಲನೆಯದು ಕಾಲೇಜು. ಪ್ರತಿ ಕಾಲೇಜಿನ ಕ್ರೀಡಾ ವಿಭಾಗ ತನ್ನದೇ ನಿಯಮ ಬರೆದುಕೊಳ್ಳಬಹುದು. ಮೊದಲ ಸಲ ಸಿಕ್ಕರೆ ಕೌನ್ಸೆಲಿಂಗ್, ಎರಡನೇ ಸಲ ಕೆಲವು ಪಂದ್ಯ ಹೊರಗೆ, ಮೂರನೇ ಸಲ ತಂಡದಿಂದಲೇ ಹೊರಗೆ ಅನ್ನುವುದು ಸಾಮಾನ್ಯ ಕ್ರಮ. ಸಹಿ ಹಾಕುವ ಮೊದಲು ಆಟಗಾರರ ಕೈಪಿಡಿ ತರಿಸಿಕೊಂಡು ನಾಲ್ಕು ವಿಷಯ ಹುಡುಕಿ: ಗಾಂಜಾ ಟೆಸ್ಟ್ ಇದೆಯೇ, ಮಿತಿ ಎಷ್ಟು, ಟೆಸ್ಟಿಗೆ ಹೋಗದಿದ್ದರೆ ಏನು, ತಾನಾಗಿ ಹೇಳಿಕೊಂಡವರಿಗೆ ರಿಯಾಯಿತಿ ಇದೆಯೇ. ಮಿತಿ 150 ಇರಲೇಬೇಕು ಅಂತಿಲ್ಲ, ಲ್ಯಾಬ್‌ಗಳ ಮಾಮೂಲಿ ಸ್ಕ್ರೀನಿಂಗ್ 50ಕ್ಕೇ ಪಾಸಿಟಿವ್ ತೋರಿಸುತ್ತದೆ. ರಿಯಾಯಿತಿ ಇರುವ ಕಡೆಯೂ ಟೆಸ್ಟಿಗೆ ಕರೆ ಬಂದ ಮೇಲೆ ಹೇಳಿಕೊಂಡರೆ ಅದು ಲೆಕ್ಕಕ್ಕಿಲ್ಲ. ಬಿಂದಿಗೆಗಟ್ಟಲೆ ನೀರು ಕುಡಿದು ಹೋಗುವ ಉಪಾಯವೂ ನಡೆಯದು, ಮೂತ್ರ ತೆಳುವಾಗಿದ್ದರೆ ಮತ್ತೆ ಸ್ಯಾಂಪಲ್ ಕೇಳುತ್ತಾರೆ. ಇನ್ನು ಅಮೆರಿಕದ ಕೇಂದ್ರ ಸರ್ಕಾರದ ನೆರವು ಪಡೆಯುವ ಕಾಲೇಜು ಕ್ಯಾಂಪಸ್ಸಿನಲ್ಲಿ ಗಾಂಜಾ ನಿಷೇಧಿಸಲೇಬೇಕು. ವೈದ್ಯರ ಕಾರ್ಡ್ ತೋರಿಸಿದರೂ ಹಾಸ್ಟೆಲ್ ಕೋಣೆಯಲ್ಲಿ ಇಡುವಂತಿಲ್ಲ.

ನನ್ನ ಪ್ರಕಾರ ನಿಮಗೆ ಎಲ್ಲಕ್ಕಿಂತ ದೊಡ್ಡ ಗಂಡಾಂತರ ವೀಸಾ. ಇದನ್ನು ಅಲ್ಲಿನ ಕೋಚ್ ಹೇಳುವುದಿಲ್ಲ, ಅವರ ಹುಡುಗರಿಗೆ ಆ ಚಿಂತೆ ಇಲ್ಲವಲ್ಲ. ವಲಸೆ ಕಾನೂನು ಕೇಂದ್ರದ್ದು, ರಾಜ್ಯ ಒಪ್ಪಿದ್ದು ಅದಕ್ಕೆ ಲೆಕ್ಕವಿಲ್ಲ. ಸ್ವಂತಕ್ಕೆಂದು 30 ಗ್ರಾಂ ಒಳಗೆ ಒಂದೇ ಸಲ ಸಿಕ್ಕಿಬಿದ್ದವರಿಗೆ ಗಡೀಪಾರಿನಿಂದ ವಿನಾಯಿತಿ ಉಂಟು, ಆದರೆ ಊರಿಗೆ ಬಂದು ವಾಪಸು ಹೋಗುವಾಗ ಅದೇ ವಿನಾಯಿತಿ ಕಾಯುವುದಿಲ್ಲ. ಶಿಕ್ಷೆಯೇ ಆಗದಿದ್ದರೂ, ಗಾಂಜಾ ಇಟ್ಟುಕೊಂಡಿದ್ದೆ ಅಂತ ಅಧಿಕಾರಿಯ ಮುಂದೆ ಒಪ್ಪಿಕೊಂಡರೆ ಅಷ್ಟೇ ಸಾಕಾಗಬಹುದು. ಆದ್ದರಿಂದ ಕೇಸಾದರೆ ‘ದಂಡ ಕಟ್ಟಿ ಕೈತೊಳೆದುಕೊಳ್ಳೋಣ’ ಅನ್ನಬೇಡಿ. ದಂಡ ಕಟ್ಟುವಾಗ ಕೊಡುವ ತಪ್ಪೊಪ್ಪಿಗೆಯೇ ವಲಸೆ ಕಾನೂನಿನಲ್ಲಿ ಶಿಕ್ಷೆಯಾಗಿ ನಿಲ್ಲಬಹುದು. ವಲಸೆ ವಕೀಲರನ್ನು ಕೇಳದೆ ಕಾಲೇಜಿನ ಶಿಸ್ತು ಸಮಿತಿಗೂ ಏನನ್ನೂ ಬರೆದುಕೊಡಬೇಡಿ.

ಬೇಸಿಗೆಯಲ್ಲಿ ಐಟಿಎಫ್ (ಅಂತರರಾಷ್ಟ್ರೀಯ ಟೆನಿಸ್ ಒಕ್ಕೂಟ) ಟೂರ್ನಿ ಆಡುತ್ತೀರಾದರೆ ವಾಡಾ (ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ) ನಿಯಮ ಬರುತ್ತದೆ. ಪಂದ್ಯದ ಹಿಂದಿನ ರಾತ್ರಿ 11:59ರಿಂದ ಟಿಎಚ್‌ಸಿ ನಿಷಿದ್ಧ, ಮಿತಿ 150. ಟಿಎಚ್‌ಸಿ ದೇಹದ ಕೊಬ್ಬಿನಲ್ಲಿ ಕೂರುವುದರಿಂದ ದಿನಾ ಸೊಪ್ಪು ಸೇದುವವರ ಮೂತ್ರದಲ್ಲಿ ವಾರಗಟ್ಟಲೆ ಕುರುಹು ಉಳಿಯುತ್ತದೆ. ಸ್ಪರ್ಧೆಯ ಹೊರಗೆ, ಆಟಕ್ಕೆ ಸಂಬಂಧವಿಲ್ಲದೆ ಸೇವಿಸಿದ್ದು ಅಂತ ತೋರಿಸಿದರೆ 3 ತಿಂಗಳ ಅಮಾನತು, ಚಿಕಿತ್ಸಾ ಕಾರ್ಯಕ್ರಮ ಮುಗಿಸಿದರೆ 1 ತಿಂಗಳು. ಅಮೆರಿಕದ ಓಟಗಾರ್ತಿ ಶಕ್ಯಾರಿ ರಿಚರ್ಡ್‌ಸನ್ 2021ರಲ್ಲಿ ಸಿಕ್ಕಿದ್ದು ಗಾಂಜಾ ಕಾನೂನುಬದ್ಧವಾಗಿರುವ ಒರೆಗಾನ್ ರಾಜ್ಯದಲ್ಲೇ. ಒಂದೇ ತಿಂಗಳ ಶಿಕ್ಷೆ, ಆದರೂ ಟೋಕಿಯೊ ಒಲಿಂಪಿಕ್ಸ್ ಕೈತಪ್ಪಿತು. ಅದೇ ಗಿಡದ, ಅಮಲೇರಿಸದ ಅಂಶವಾದ ಸಿಬಿಡಿಯ ಎಣ್ಣೆಯನ್ನು ವಾಡಾ ನಿಷೇಧಿಸಿಲ್ಲ, ಆದರೆ ಬಾಟಲಿಯಲ್ಲಿ ಟಿಎಚ್‌ಸಿ ಬೆರೆತಿದ್ದರೆ ಹೊಣೆ ನಿಮ್ಮದೇ.

ಅಂದಹಾಗೆ, ರಜೆಗೆ ಬೆಂಗಳೂರಿಗೆ ಬರುವಾಗ ರೂಮ್‌ಮೇಟ್ ಕೊಟ್ಟ ಗಾಂಜಾ ಗಮ್ಮಿ ಬ್ಯಾಗಿನ ಮೂಲೆಯಲ್ಲಿ ಉಳಿದಿಲ್ಲ ತಾನೇ ಅಂತ ನೋಡಿಕೊಳ್ಳಿ. ಇಲ್ಲಿ ಮಾದಕ ವಸ್ತುಗಳ ವಿರುದ್ಧದ ಎನ್‌ಡಿಪಿಎಸ್ ಕಾಯ್ದೆ ಇದೆ.