ಮೊದಲ ಗಿಟಾರ್ ಆಂಪ್: ಸರಳವಾದದ್ದೋ, ಫೀಚರ್ ಜಾಸ್ತಿ ಇರುವುದೋ?

ಮಣಿಪಾಲದ ಬಾಡಿಗೆ ರೂಮಿನಲ್ಲಿ ಎಲೆಕ್ಟ್ರಿಕ್ ಗಿಟಾರ್ ಕಲಿಯಲು ಯಾವ ಆಂಪ್ (ಗಿಟಾರಿನ ದನಿ ದೊಡ್ಡದು ಮಾಡುವ ಸ್ಪೀಕರ್ ಪೆಟ್ಟಿಗೆ) ಅಂತ ಕೇಳಿದ್ದೀರಿ. ನನ್ನ ಮತ ಸರಳವಾದದ್ದಕ್ಕೆ.

ಆರೆಂಜ್ ಕಂಪನಿಯ ಕ್ರಷ್ 20 ತರಹದ್ದು ನೋಡಿ. 20 ವ್ಯಾಟ್, 8 ಇಂಚಿನ ಸ್ಪೀಕರ್, ಕೆಲವೇ ನಾಬ್. ಗೇನ್, ಅಂದರೆ ಒಳಬರುವ ಸಿಗ್ನಲ್ಲಿನ ಜೋರು ಏರಿಸಿದರೆ ದನಿ ಒಡೆದು ಗರಗರ ಅನ್ನುತ್ತದೆ. ಮಿಡ್, ಅಂದರೆ ನಡು ಸ್ವರಗಳ ನಾಬ್ ತೀರಾ ಇಳಿಸಿದರೆ ಡ್ರಮ್ಸ್, ಬೇಸ್ ನಡುವೆ ಗಿಟಾರ್ ಕೇಳಿಸುವುದೇ ಇಲ್ಲ. ಕಿವಿ ಇದನ್ನೆಲ್ಲ ಬೇಗ ಕಲಿಯುತ್ತದೆ. ಫೀಚರ್ ಜಾಸ್ತಿ ಇದ್ದರೆ ಸಂಜೆಯೆಲ್ಲ ಸುಮ್ನೆ ಪ್ರೀಸೆಟ್ (ಮೊದಲೇ ಹೊಂದಿಸಿಟ್ಟ ದನಿಗಳು) ಬದಲಾಯಿಸುವುದರಲ್ಲೇ ಕಳೆದುಹೋಗುತ್ತದೆ, ಸ್ಕೇಲ್ ಅಭ್ಯಾಸ ಹಾಗೇ ಉಳಿಯುತ್ತದೆ.

ಆದರೆ ಭಾನುವಾರ ಚರ್ಚ್ ಕಾಯರ್, ವಾರದ ಮಧ್ಯೆ ಕಾಲೇಜಿನ ಮೆಟಲ್ ಬ್ಯಾಂಡ್ ಅಂತ ಎರಡೂ ಕಡೆ ನುಡಿಸುವವರಾದರೆ ಬಾಸ್ ಕಂಪನಿಯ ಕಟಾನಾ 50 ತಗೊಳ್ಳಿ. ರಿವರ್ಬ್ (ಹಾಲಿನ ಗುಂಯ್‌ಗುಡುವಿಕೆ), ಡಿಲೇ (ಪ್ರತಿಧ್ವನಿ), ಕೋರಸ್ (ಹಲವು ಗಿಟಾರ್ ಒಟ್ಟಿಗೆ ನುಡಿದಂಥ ದನಿ) ಒಳಗೇ ಇವೆ. ಪವರನ್ನು 50 ವ್ಯಾಟಿನಿಂದ ಅರ್ಧ ವ್ಯಾಟಿಗೆ ಇಳಿಸಬಹುದು. ಈ ಎರಡೂ ಆಂಪಿಗೆ ಹೆಡ್‌ಫೋನ್ ಹಾಕಬಹುದು, ಪಕ್ಕದ ರೂಮಿನವರಿಗೆ ತೊಂದರೆ ಇಲ್ಲ.

ವಾಲ್ವ್ ಆಂಪ್, ಅಂದರೆ ಗಾಜಿನ ಟ್ಯೂಬ್‌ಗಳಿಂದ ನಡೆಯುವ ಹಳೆ ಶೈಲಿಯದ್ದು, ಸದ್ಯ ಬೇಡ. ಭಾರ ಜಾಸ್ತಿ, ವಾಲ್ವ್ ಸವೆಯುತ್ತವೆ. ಮೆಲ್ಲಗೆ ಇಟ್ಟರೆ ಅದರ ಚಂದದ ದನಿಯೂ ಬರುವುದಿಲ್ಲ.

ಯಾವುದೇ ತಂದರೂ ನಮ್ಮ ಕರಾವಳಿಯ ಮಳೆಗಾಲದಲ್ಲಿ ನೆಲದ ಮೇಲೆ, ಗೋಡೆಗೆ ಒತ್ತಿ ಇಡಬೇಡಿ. ತೇವಕ್ಕೆ ನಾಬ್ ತಿರುಗಿಸಿದಾಗ ಕರಕರ ಸದ್ದು ಶುರುವಾಗುತ್ತದೆ.